ಅನಗತ್ಯ ಶಬ್ದ

ಓಸ್ತ್ರಾವಾದ ಟ್ರಾಮ್ ಡಿಪೋ ಹಿಂದೆ, ನೆಲಮಾಳಿಗೆಯಲ್ಲಿ
ನನ್ನ ಚಹಾದಂಗಡಿ. ಆರು ಮೇಜು, ಹತ್ತು ಕಂಪ್ಯೂಟರು.
ಆಟ ನನಗೆ ಬಾರದು.
ಆಡುವವರ ಮುಖ ಓದಲು ಬರುತ್ತದೆ, ಅಷ್ಟೆ.

ಶುಕ್ರವಾರ ರಾತ್ರಿ ಎಲ್ಲರೂ ಒಂದೊಂದು ಗ್ರಹಕ್ಕೆ ಒಡೆಯರು.
ಮೆಟ್ಟಿಲು ಹತ್ತಿ ಹೊರಬಿದ್ದರೆ
ಒಬ್ಬ ಬೇಕರಿಯ ರಾತ್ರಿಪಾಳಿ, ಇನ್ನೊಬ್ಬಳು
ಹಲ್ಲಿನ ಡಾಕ್ಟರ ಬಳಿ ಟ್ರೇ ಹಿಡಿಯುವವಳು.
ಇಷ್ಟೂ ಒಡೆಯರಿಗೆ ಒಬ್ಬಳೇ ಮಂತ್ರಿ: ಓರ್ತಾ.
ಎಡಗೆನ್ನೆ ತವರ, ಬಲಗೆನ್ನೆ ತೊಗಲು,
ಕತ್ತಿನ ಗುಳಿಯಲ್ಲೊಂದು ಹಸಿರು ದೀಪ.
ಪರದೆಯ ಮೂಲೆಯಲ್ಲಿ ಅಂಗೈಯಗಲದ ಚೌಕದಲ್ಲಿ ಕೂತು
ಕೇಳಿದರೂ ಹೇಳುವಳು, ಕೇಳದಿದ್ದರೂ ಹೇಳುವಳು:
"ಒಡೆಯರೇ, ಕಣಜ ಮೂರು ಋತುವಿಗೆ ಸಾಲದು."
"ಒಡೆಯರೇ, ಉತ್ತರದ ನೆರೆಯವ ನಗುತ್ತಿದ್ದಾನೆ.
ಒಳ್ಳೆಯ ಲಕ್ಷಣವಲ್ಲ."

ಬೊಹ್ದಾನಾ ಅವಳ ದನಿ ಅಡಗಿಸಿಯೇ ಆಡುವುದು.
"ಮನೆಯಲ್ಲಿ ಅತ್ತೆ ಇದ್ದಾಳೆ, ಸಾಕು."
ಕಾಮಿಲ್ ಅದೇ ಹಸಿರು ದೀಪವನ್ನು
ತನ್ನ ಕತ್ತಿಗೆ ಹಚ್ಚೆ ಹಾಕಿಸಿಕೊಂಡ;
ಬೆಳಗಿನ ಜಾವ ಅದರ ಮೇಲೆ ಮೈದಾ ಕೂತಿರುತ್ತದೆ.
ಸ್ಲಾವೋಮೀರನದು ಲೆಕ್ಕದ ಪುಸ್ತಕ:
ಇನ್ನೂರ ಹನ್ನೆರಡು ಸಲಹೆ, ನೂರ ತೊಂಬತ್ತು ಸರಿ.
ಮಿಕ್ಕ ಇಪ್ಪತ್ತೆರಡರಲ್ಲಿ ಅವಳ ಮಾತು ಮೀರಿ ತಾನು ಗೆದ್ದೆ,
ಗೆದ್ದರೂ ಯಾಕೋ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ
ಎನ್ನುತ್ತಾನೆ.
ಮುದುಕ ರಾದೋವಾನ್ ಏನೂ ಅನ್ನುವುದಿಲ್ಲ.
ಎಡಗೈಯನ್ನು ಉಕ್ಕಿನ ಕಾರ್ಖಾನೆಗೆ ಕೊಟ್ಟು ಬಂದವನು.
ರಬ್ಬರಿನ ಬೆರಳಿಂದ ಲೋಟ ಒತ್ತಿ ಹಿಡಿದು
ಬಲಗೈಲಿ ನಿಧಾನ ಆಡುತ್ತಾನೆ, ನಿಧಾನ ಸೋಲುತ್ತಾನೆ.

ಮಾರ್ಚಿಯಲ್ಲಿ ಆಟಕ್ಕೊಂದು ತಿದ್ದುಪಡಿ ಬಂತು.
ಕಂಪನಿಯ ಎರಡು ಸಾಲು:
"ಅನಗತ್ಯ ಶಬ್ದ ತೆಗೆಯಲಾಗಿದೆ.
ಸಲಹೆ ಇನ್ನು ಅರ್ಧ ಸೆಕೆಂಡು ಬೇಗ."

ಆಗ ತಿಳಿಯಿತು,
ಕೆಟ್ಟ ಸುದ್ದಿಗೆ ಮುಂಚೆ ಅವಳು
ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಿದ್ದಳು.
ಇದ್ದಾಗ ಯಾರ ಕಿವಿಗೂ ಬೀಳದ್ದು
ಹೋದ ರಾತ್ರಿ ಹತ್ತೂ ಯಂತ್ರದಲ್ಲಿ ಕೇಳಿಸಿತು.

ಗಲಾಟೆಯೋ ಗಲಾಟೆ. ನಾಲ್ಕು ಲೋಟ ಒಡೆದವು,
ಎರಡರ ದುಡ್ಡು ಇನ್ನೂ ಬಂದಿಲ್ಲ.
ಎದೆಗೂಡು ಪೂರಾ ಲೋಹ, ಕೈಪಿಡಿಯ ನಲವತ್ತನೇ ಪುಟ ನೋಡಿ,
ಶ್ವಾಸಕೋಶವೇ ಇಲ್ಲದವಳಿಗೆ ಉಸಿರೆಲ್ಲಿಯದು?
ಸ್ಲಾವೋಮೀರನ ವಾದ.
ಎಲ್ಲರಿಗಿಂತ ಕೆಂಡವಾದವಳು ಬೊಹ್ದಾನಾ.
"ಈಗ ಅವಳು ಬೈದ ಹಾಗೆ ಹೇಳುತ್ತಾಳೆ! ಮೊದಲು ಹಾಗಿರಲಿಲ್ಲ!"
ನಿನಗೆ ಹೇಗೆ ಗೊತ್ತು, ಎಂದ ಕಾಮಿಲ್.
ಅವಳು ಚಹಾಕ್ಕೆ ಮೂರನೇ ಸಲ ಸಕ್ಕರೆ ಹಾಕಿದಳು.

ಆಗ ರಾದೋವಾನ್, ಯಾರನ್ನೂ ನೋಡದೆ:
"ಹತ್ತೊಂಬತ್ತು ವರ್ಷವಾಯಿತು ಈ ಕೈ ಹೋಗಿ.
ಚಳಿ ಇಳಿದರೆ ಈಗಲೂ ಉಗುರು ನೋಯುತ್ತದೆ.
ಇಲ್ಲದ ಉಗುರು.
ಅವಳಿಗೂ ಹಾಗೇ ಇದ್ದೀತು."
ಸ್ಲಾವೋಮೀರ್ ಪುಸ್ತಕ ತೆರೆದ,
ಯಾವ ಕಾಲಮ್ಮಿಗೆ ಬರೆಯುವುದು ತಿಳಿಯದೆ ಮುಚ್ಚಿದ.

ದನಿ ಕೊಟ್ಟ ನಟಿಗೆ ಕಾಮಿಲ್ ಕಾಗದ ಬರೆದಿದ್ದ.
ಪಿಲ್ಸೆನ್ನಿಂದ ಉತ್ತರ ಬಂತು, ಹಿಂಬದಿ ದಿನಸಿ ಚೀಟಿ:
"ಸ್ಟುಡಿಯೋ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು.
ನನಗಾಗಲೇ ಅರವತ್ತೊಂದು. ಕ್ಷಮಿಸಿ, ಮಗು."
ಕಾಮಿಲ್ ಓದಿ ಹೇಳಿದ. ಒಬ್ಬರೂ ನಂಬಲಿಲ್ಲ.
ಅವನೂ ನಂಬಲಿಲ್ಲ; ಆದರೆ ಚೀಟಿಯನ್ನು
ಪರ್ಸಿನಲ್ಲಿ ಮಡಚಿಟ್ಟುಕೊಂಡಿದ್ದಾನೆ.

ಈಗ ಹಳೆಯ ಆವೃತ್ತಿ ಉಳಿದಿರುವುದು
ಮೂಲೆಯ ಏಳನೇ ಯಂತ್ರದಲ್ಲಿ ಮಾತ್ರ.
ಅದಕ್ಕೆ ಸರದಿ ನಿಲ್ಲುತ್ತಾರೆ, ಬೇಕೆಂದೇ ಕಣಜ ಬರಿದು ಮಾಡುತ್ತಾರೆ,
ಗಡಿ ತೆರೆದಿಡುತ್ತಾರೆ, ಬಡ ಪ್ರಜೆಗಳನ್ನು ಉಪವಾಸ ಕೆಡವುತ್ತಾರೆ,
ಅವಳು ಒಮ್ಮೆ ಉಸಿರೆಳೆಯಲಿ ಎಂದು.
ಭಕ್ತಿಗೂ ಕ್ರೌರ್ಯಕ್ಕೂ ನಡುವೆ
ನನ್ನ ಕೌಂಟರಿನಷ್ಟೂ ಅಗಲವಿಲ್ಲ.

ನಿನ್ನೆ ಹನ್ನೊಂದೂವರೆ.
ಅಂಗಡಿ ಮುಚ್ಚಬೇಕು, ಅದನ್ನು ಹೇಳಬೇಕು.
ಒದ್ದೆ ಬಟ್ಟೆ ಹಿಂಡಿ, ಬಾಯಿ ತೆರೆಯುವ ಮುಂಚೆ
ಅರಿಯದೇ ಒಂದು ಉಸಿರೆಳೆದುಕೊಂಡೆ.

ಹತ್ತೂ ತಲೆ ಒಟ್ಟಿಗೆ ತಿರುಗಿದವು.