ಕಡೆಯಿಂದ ಮೊದಲಿಗೆ

ಹಿಂದಿನಿಂದ ಓದು ಎಂದಿದ್ದರು ಜೆರೋಮ್ ಸರ್,
ಕಡೆಯ ಶಬ್ದದಿಂದ ಮೊದಲ ಶಬ್ದಕ್ಕೆ.
ಮುಂದಿನಿಂದ ಓದಿದರೆ ಅರ್ಥ ಕೈಹಿಡಿದು
ಎಳೆದುಕೊಂಡು ಹೋಗುತ್ತದೆ ಮಗು,
ಕಾಲಡಿಯ ಗುಂಡಿ ಕಾಣಿಸುವುದಿಲ್ಲ.

ಕೋಡಿಬಾಗದ ರಸ್ತೆಗೆ ಎರಡು ಮೆಷಿನ್ನಿನ ಪ್ರೆಸ್ಸು,
ಮೇಜಿನ ಮೇಲೆ ಕೆಂಪು ಪೆನ್ನು,
ಉಪ್ಪುಗಾಳಿಗೆ ತುಕ್ಕು ಹಿಡಿದ ಟಾಚಣಿಗಳ ಡಬ್ಬಿ.
ಅಲ್ಲಿ ಕೂತು ಇಪ್ಪತ್ತೆರಡು ವರ್ಷ
ಕಾರವಾರದ ಇಂಗ್ಲಿಷನ್ನೆಲ್ಲ ಸೋಸಿದ್ದೇನೆ:
ಐಸ್ ಫ್ಯಾಕ್ಟರಿಯ ಟೆಂಡರು, ಸಿಗಡಿ ಡಬ್ಬದ ಚೀಟಿ,
ಚರ್ಚಿನ ನೂರನೇ ವರ್ಷದ ಸಂಚಿಕೆ,
ಮದುವೆ ಕಾರ್ಡಿನ ಆರ್.ಎಸ್.ವಿ.ಪಿ.
ಯಾರೂ ಉತ್ತರ ಬರೆಯುವುದಿಲ್ಲ,
ಆದರೂ ನಾಲ್ಕು ಚುಕ್ಕಿ ನಾಲ್ಕೂ ಬೇಕು.

ಬೈತಖೋಲದಲ್ಲಿ ಅಪ್ಪ ಬಲೆ ದುರಸ್ತಿಗೆ ಕೂತಾಗ
ಹರಿದ ಕಣ್ಣನ್ನು ಬೆರಳೇ ಹುಡುಕುತ್ತಿತ್ತು,
ನೋಟವೆಲ್ಲೋ, ಮಾತೆಲ್ಲೋ.
ನನಗೆ ಆ ಬೆರಳು ಬರಲಿಲ್ಲ.
ಕಣ್ಣಿನಿಂದಲೇ ಕಣ್ಣು ಹುಡುಕಬೇಕು.

ನುಸುಳುವುದು ಸಣ್ಣವೇ.
ಉದ್ದನೆಯ ಶಬ್ದ ತಪ್ಪಿದರೆ ಯಾರಿಗೂ ಕಂಡೀತು;
'ಇಟ್ಸ್'ನ ನೆತ್ತಿಯ ಆ ಒಂದು ಗುರುತು
ಇದ್ದರೆ 'ಅದು ಇದೆ', ಇಲ್ಲದಿದ್ದರೆ 'ಅದರ'.
ನಮ್ಮಲ್ಲಿ ಒಡೆತನಕ್ಕೆ ಒಂದು 'ರ' ಸಾಕು,
ಅವರಲ್ಲಿ ಸೊಳ್ಳೆಯಂಥದೊಂದು ಬಂದು ಕೂರಬೇಕು.
ಅದೋ, ಕೂರಬಾರದಲ್ಲೇ ಕೂರುತ್ತದೆ.

ಒಂದು ಸೊನ್ನೆ ಹೆಚ್ಚಾಗಿ
ಬೋಟು ಕಳಕೊಂಡವನ ಅರ್ಜಿಯಲ್ಲಿ ಬೋಟು ಸಡಿಲವಾಯಿತು.
ಹೋಟೆಲಿನ ಮೆನುವಿನಲ್ಲಿ ಒಂದು ಎಸ್ ಉದುರಿ
ಊಟದ ಕೊನೆಗೆ ಮರಳುಗಾಡು ಬಡಿಸಿದರು,
ಎಂಬತ್ತು ರೂಪಾಯಿ, ಐಸ್‌ಕ್ರೀಮ್ ಸಹಿತ.
ಒಮ್ಮೆ 'ಪಬ್ಲಿಕ್ ನೋಟೀಸ್'ನಲ್ಲಿ ಎಲ್ ಬಿದ್ದುಹೋಗಿ
ಉಳಿದದ್ದೇನೆಂದು ಮಾಲೀಕ ಶೇಟರಿಗೆ ವಿವರಿಸಲಾಗದೆ
ಡಿಕ್ಷನರಿ ತೆರೆದಿಟ್ಟು ಚಹಾಕ್ಕೆ ಹೋದೆ.

ಪೆಡ್ನೇಕರರ ಸ್ಟೇಷನರಿ ಬೋರ್ಡಿನಲ್ಲಿ
ಇ ಇರಬೇಕಾದಲ್ಲಿ ಎ ಇತ್ತು.
ಹೀಗೆ ಬರೆದರೆ ಪೆನ್ನು ಕಾಗದವಲ್ಲ,
ಅಲುಗಾಡದೆ ನಿಂತದ್ದು ಎಂದರ್ಥ, ಎಂದೆ.
ಹೆದ್ದಾರಿ ಅಗಲವಾಗಲೆಂದು
ಆಚೀಚಿನ ಅಂಗಡಿಗಳೆಲ್ಲ ಕಿತ್ತುಹೋದ ವರ್ಷವದು.
ಇರಲಿ ಬಿಡು ಬಾಯೀ, ನಕ್ಕರು, ಅದೇ ಸರಿ.

ಎಲ್ಲ ತಪ್ಪೂ ಹೀಗೆ ನಗುವುದಿಲ್ಲ.
ನೋಟೀಸೊಂದರ ಸರ್ವೆ ನಂಬರಿನಲ್ಲಿ ಏಳು ಒಂದಾಗಿ
ಒಬ್ಬಾಕೆಯ ಹನ್ನೆರಡು ತೆಂಗು
ಯಾರದೋ ಜಗಳದೊಳಗೆ ಹೋಗಿ ನಿಂತವು.
ಆ ಪುಟದ ಮೂಲೆಯಲ್ಲಿ ನನ್ನ ಸಹಿ.
ಆವತ್ತು ಜ್ವರ ಇತ್ತೆಂದು ಹೇಳಬಹುದಿತ್ತು.
ಹೇಳಲಿಲ್ಲ. ಜ್ವರ ಇರಲಿಲ್ಲ.

ಮೊನ್ನೆ ಮಯೂರಿ ದುರ್ಗೇಕರ ಬಂದಳು,
ಬೇಲಿಯಾಚೆಗೆ ಹೋದ ಊರಿನವರ ಮೊಮ್ಮಗಳು,
ಪಿಯುಸಿ ಎರಡನೇ ವರ್ಷ.
ದಿಲ್ಲಿಗೆ ಹೋಗುವ ಅರ್ಜಿ, ಇಂಗ್ಲಿಷೇ ಬೇಕಂತೆ,
ಓಣಿಯವರೆಲ್ಲ ಹೇಳಿದ್ದು, ಬರೆದದ್ದು ಇವಳು.

ಇಂಗ್ಲಿಷಿನಲ್ಲಿ ಮೂರು 'ದೇರ್' ಇವೆ.
ಕಿವಿಗೆ ಒಂದೇ, ಕಾಗದಕ್ಕೆ ಮೂರು:
ಅಲ್ಲಿ. ಅವರ. ಅವರಿದ್ದಾರೆ.
'ಅವರ' ಎನ್ನಬೇಕಾದ ಹನ್ನೊಂದೂ ಕಡೆ
ಹುಡುಗಿ 'ಅಲ್ಲಿ' ಎಂದು ಬರೆದಿದ್ದಳು.
ಅಲ್ಲಿ ಮನೆ, ಅಲ್ಲಿ ಬಾವಿ,
ಅಲ್ಲಿ ದೋಣಿ ಎಳೆವ ಜಾಗ.

ಕಡೆಯಿಂದ ಓದುತ್ತ ಬಂದೆ.
ಜಾಗ. ಎಳೆವ. ದೋಣಿ. ಅಲ್ಲಿ.
ಬಾವಿ. ಅಲ್ಲಿ.
ಮನೆ. ಅಲ್ಲಿ.
ಹೀಗೆ ಓದಿದರೆ ಅರ್ಥ ಬರಬಾರದು ಜೆರೋಮ್ ಸರ್.
ಬಂತು.

ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು,
ಕಾಳಿ ಸೇತುವೆಯ ಮೇಲೆ ಲಾರಿಗಳು ಹೋಗುವುದನ್ನು ಕೇಳುತ್ತ ಕೂತೆ.
ಆಮೇಲೆ ತಿದ್ದಿದೆ. ಹನ್ನೊಂದನ್ನೂ.
ದಿಲ್ಲಿಯವರು ಅರ್ಜಿಗಿಂತ ಮೊದಲು
ಕಾಗುಣಿತ ಓದುವವರು.

ಕೆಂಪು ಗುರುತುಗಳ ಮೇಲೆ ಬೆರಳಿಟ್ಟು ಎಣಿಸಿದಳು,
ಬಲೆಯ ಕಣ್ಣು ಹುಡುಕುವಂತೆ.
ಇಷ್ಟೊಂದು ತಪ್ಪೇ?
ಒಂದೇ, ಎಂದೆ, ಹನ್ನೊಂದು ಸಲ.

ಪುಟಕ್ಕೆ ಹದಿನೈದರಂತೆ
ದುಡ್ಡೂ ತಗೊಂಡೆ.