ಅಷ್ಟೂರಿನ ಏರು

ಹೋಗೋದು ಇಳಿಜಾರು.
ಪೆಡಲ್ ಮ್ಯಾಲ ಕಾಲಿಟ್ಟು ಸುಮ್ಮನ ಕೂತರೂ
ಚೌಖಂಡಿ ದಾಟಿಸಿ
ಗೋರಿಗಳ ಮುಂದ ಇಳಿಸಿಬಿಡ್ತದ ರಸ್ತೆ.
ಬೀದರಿನಿಂದ ಅಷ್ಟೂರಿಗೆ ಯಾರರೆ ಹೋಗಬಹುದು.
ತಿರುಗಿ ಬರೋದು ಬ್ಯಾರೆ ಮಾತು.

ಕಾರ್ತಿಕದಾಗ ನನ್ನ ಹೊಟ್ಟಿ ಖಾಲಿ ಆಯ್ತು.
ಹೆಸರಿಡೋ ಹೊತ್ತೂ ಬರಲಿಲ್ಲ.
ಹಾಲು ಮಾತ್ರ ಯಾರೋ ಕರದಂಗ
ಮೂರನೇ ದಿನಕ್ಕ ಸರಿಯಾಗಿ ಬಂತು.
ಅವ್ವ ಮಲ್ಲಿಗಿ ಮೊಗ್ಗು ಅರಿವ್ಯಾಗ ಸುತ್ತಿ
ಎದಿಗಿ ಬಿಗದು ಕಟ್ಟಿದಳು, ಬತ್ತಲಿ ಅಂತ.
ಬತ್ತಿತು.
ಮಲ್ಲಿಗಿ ವಾಸನಿ ಬತ್ತಲಿಲ್ಲ.

"ಎಲ್ಲಿ ನೋಯ್ತದ?"
ದವಾಖಾನಿ ಡಾಕ್ಟರಬಾಯಿ ಒತ್ತಿ ಒತ್ತಿ ಕೇಳಿದಳು.
ಎಲ್ಲೂ ಇಲ್ರಿ, ಅಂದೆ. ಖರೇನೇ ಹೇಳಿದ್ದೆ.
ಮೈ ಅನ್ನೋದು ಯಾರೋ ಬಿಟ್ಟು ಹೋದ ಮನಿ,
ನಾ ಅದರ ಕಟ್ಟಿ ಮ್ಯಾಲ ಕೂತಾಕಿ.
ಗುಳಿಗಿ ಚೀಟಿ ಕೆಳಗ ಆಕಿ ಇನ್ನೊಂದು ಸಾಲು ಬರದಳು:
ನಡಿಗಿ, ಇಲ್ಲಾ ಸೈಕಲ್. ಅರ್ಧ ತಾಸು.
ಮುಂಜಾನಿ, ಖಾಲಿ ಹೊಟ್ಟಿಗೆ.
ಖಾಲಿ ಹೊಟ್ಟಿಗೆ ಅನ್ನೋದು ಓದಿ ನಕ್ಕೆ.
ಅದು ನಗು ಅಲ್ಲ ಅಂತ ವೈಜಿನಾಥಗ ಗೊತ್ತಾಯ್ತು.

ಅಂವ ಏನೂ ಅನಲಿಲ್ಲ.
ಸಂಜಿಕ ಪಾನಾ ತಂದು
ತನ್ನ ಸೈಕಲ್ಲಿನ ಸೀಟು ನಾಕು ಬೆರಳು ಇಳಿಸಿಟ್ಟು
ರಾತ್ರಿ ಪಾಳಿಗಿ ನಡಕೊಂತ ಹೋದ.

ಮಾಘದಾಗ ಒಂದು ದಿನ ಕೀಲಿ ತಗದೆ.
ಹುಮನಾಬಾದಿನಾಗ ಸಾಲಿಗಿ ಹೊಡದಿದ್ದೆ, ಹದಿನಾರು ವರ್ಷದ ಹಿಂದ.
ನಾ ಮರೆತಿದ್ದೆ, ಮೊಣಕಾಲು ಮರೆತಿರಲಿಲ್ಲ.
ಎದುರು ಮನಿ ಗುಂಡಮ್ಮ ಕಸಬರಗಿ ನಿಲ್ಲಿಸಿ ನೋಡಿದಳು.
ದುಲ್ಹನ್ ದರವಾಜಾ ತನಕ ಹೋಗೂದರಾಗ ಉಸರು ತೀರಿತು.
ಎಂಟು ದಿನ ಅಷ್ಟೇ ಹೋದೆ, ಅಷ್ಟೇ ಬಂದೆ.

ಒಂಬತ್ತನೇ ದಿನ ಪಂಕ್ಚರ್.
ರುಕ್ನೊದ್ದೀನ ಚಾಚಾ ಟ್ಯೂಬು ಹೊರಗ ಎಳದ,
ಹಾವಿನ ಪರಿಯಂಗ ಜೋತು ಬಿದ್ದಿತ್ತು.
ತೂತು ಎಲ್ಲದ ಚಾಚಾ?
"ಈಗ ಹೆಂಗ ಕಾಣತದ ಬೇಟಿ?
ಮೊದಲು ಹವಾ ತುಂಬಬೇಕು."
ತುಂಬಿದ. ಬುಟ್ಟಿ ನೀರಾಗ ತಿರಿವಿ ತಿರಿವಿ ಅದ್ದಿದ.
ಒಂದು ಕಡಿ ಗುಳ್ಳಿ ಎದ್ದವು, ಸಣ್ಣವು, ಒಂದರ ಹಿಂದೊಂದು.
ಹತ್ತು ರೂಪಾಯಿ ಕೊಟ್ಟು
ಅವತ್ತೇ ಅಷ್ಟೂರಿನ ತನಕ ಇಳದೆ.

ಗೋರಿಗಳ ಕಡಿ ನೋಡಲಿಲ್ಲ. ತಿರುವಿದೆ.
ಏರು ಸುರುವಾಯ್ತು.
ಕೆಂಪು ಕಲ್ಲಿನ ಬದಿ, ಮುಖಕ್ಕ ಬಿಸಿಲು,
ತೊಡಿ ಉರಿ, ನಾಲಿಗಿ ಮ್ಯಾಲ ಉಪ್ಪು,
ಎದಿ ತುಂಬ ಹವಾ, ಮತ್ತೂ ಹವಾ.
ಬೇವಿನ ಗಿಡದ ಹಂತೇಕ ಬಂದಾಗ
ಎಲ್ಲಿಂದಲೋ ಎದ್ದಿತು. ಸಣ್ಣದಲ್ಲ.
ಸೈಕಲ್ ಗಿಡಕ್ಕ ಒರಗಿಸಿ
ಕೂಗಿ ಕೂಗಿ ಅತ್ತೆ,
ಡಾಕ್ಟರಬಾಯಿ ಒತ್ತಿದ್ದಳಲ್ಲ, ಅದೇ ಜಾಗ.

ಹಾಲಿನ ಕ್ಯಾನು ಕಟ್ಟಿಕೊಂಡ ಹುಡುಗ ಗಾಡಿ ನಿಧಾನ ಮಾಡಿದ.
"ಏರು ಭಾಳ ಅದ ಅಕ್ಕಾ, ಇಳದು ತಳ್ಳ್ರಿ."
ಹೌದು ತಮ್ಮಾ, ಅಂದೆ. ಭಾಳ ಅದ.

ಚೌಬಾರಾದ ಹಂತೇಕ ಪೂರಿ ಕರೀಲತ್ತಿದ್ರು.
ಹಸಿವಾಯ್ತು.
ಎಷ್ಟು ದಿನದ ಮ್ಯಾಲ ಬಂದ ಬೀಗರಂಗ ಬಂತು,
ಕೂಡು ಅನ್ನಬೇಕೋ ಬ್ಯಾಡೋ ತಿಳೀಲಿಲ್ಲ.
ನಾಕನೇ ಪೂರಿಗಿ ನಾಚಿಕಿ ಆಯ್ತು.
ಐದನೇದಕ್ಕ ಆಗಲಿಲ್ಲ.
ಅವತ್ತು ಮಧ್ಯಾಹ್ನ ಮಲಗಿದಾಕಿ
ದೀಪ ಹಚ್ಚೋ ಹೊತ್ತಿಗಿ ಎದ್ದೆ.

ವಾಸಿ ಆಯ್ತಾ ಅಂತ ಕೇಳಬ್ಯಾಡ್ರಿ.
ಮಲ್ಲಿಗಿ ಇನ್ನೂ ಮುಡಿಯಲ್ಲ.
ಮೊದಲು ಏರಿನಾಗ ಐದು ಕಡಿ ಇಳೀತಿದ್ದೆ,
ಈಗ ಬೇವಿನ ಗಿಡದ ಹಂತೇಕ ಒಂದೇ ಸಲ.
ಅಲ್ಲಿ ಇಳೀಲೇಬೇಕು ಅಂತಿಲ್ಲ. ಇಳೀತೀನಿ.
ಕೆಲವು ದಿನ ಅಳು ಬರ್ತದ,
ಕೆಲವು ದಿನ ಬರೇ ಗಾಳಿ.
ನಿನ್ನೆ ಒಂದು ಅಳಿಲು ಕಂಡು
ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಇವತ್ತು ತಿರುಗಿ ಬರೂಮುಂದ
ವೈಜಿನಾಥ ಸಿಕ್ಕ, ಪಾಳಿ ಮುಗಿಸಿ ನಡಕೊಂತ ಹೊಂಟಿದ್ದ,
ಕಣ್ಣಾಗ ಇನ್ನೂ ರಾತ್ರಿ.
ಹಿಂದ ಕೂಡು, ಅಂದೆ.
"ಭಾರ ಆಗ್ತೀನಿ."
ಆಗು, ಅಂದೆ.
ಹಿಂದಿನ ಗಾಲಿಗಿ ಹವಾ ಕಮ್ಮಿ ಇತ್ತು.
ಚಾಚಾನ ಅಂಗಡಿ ತನಕ ಹಂಗೇ ಹೊಡದೆ.