ನಾಲ್ಕನೆಯ ತೊಲೆ

ಬೂಟು ಹೊರಗೇ ಇರಲಿ, ಲಾಂಗ್‌ಸ್ಟಾಫ್ ಅವರೇ.
ತಲೆ ತಗ್ಗಿಸಿ, ಇನ್ನೂ ಸ್ವಲ್ಪ, ಇನ್ನೂ...
ಆಯಿತು, ಬಡಿಸಿಕೊಂಡಿರಿ.
ಬಿಷಪ್ಪರೂ ಬಡಿಸಿಕೊಂಡ ಬಾಗಿಲು ಅದು, ಬೇಸರ ಬೇಡ.

ಇದು ಅಡುಗೆಮನೆ. ಈಗ.
ಆಗ ಏನಾಗಿತ್ತೋ ನಿಮ್ಮ ಕಾಗದ ಹೇಳಬೇಕು.
ಸ್ಕಾರ್‌ಬೆಕ್ ಕಣಿವೆಯ ತುದಿಗೆ ಮಠದ ಕಣಜ ಇದು.
ಗಡ್ಡ ಬಿಟ್ಟ ಬ್ರದರುಗಳು, ಇಪ್ಪತ್ತು ಮಂದಿ,
ಓದು ಬಾರದವರು, ಪ್ರಾರ್ಥನೆ ಅರ್ಧ ಬಂದವರು,
ಮಠಕ್ಕೆಂದು ಉಣ್ಣೆ ಕತ್ತರಿಸಿ, ಓಟ್ಸ್ ಬಡಿದು,
ಈ ಕಲ್ಲುಹಾಸಿನ ಮೇಲೆ ಮಾತಿಲ್ಲದೆ ಉಂಡರಂತೆ.
ಮಾತಿಲ್ಲದೆ ಉಣ್ಣುವುದು ಇಲ್ಲಿ ಈಗಲೂ ಉಂಟು,
ಕುರಿಯ ದರ ಬಿದ್ದ ದಿನ.

ಆ ಗೂಡು ನೋಡಿ, ತಳದಲ್ಲೊಂದು ತೂತು.
ಪಾದ್ರಿ ಬಟ್ಟಲು ತೊಳೆದ ನೀರು
ಚರಂಡಿ ಸೇರದೆ ನೇರ ಮಣ್ಣಿಗಿಳಿಯಲೆಂದು.
ಅಜ್ಜಿ ಅದರಲ್ಲಿ ಮೊಟ್ಟೆ ಇಡುತ್ತಿದ್ದಳು,
ನಾನು ಸೋಪು.
ತೂತು ಇವತ್ತಿನವರೆಗೆ ಕಟ್ಟಿಕೊಂಡಿಲ್ಲ.
ನೀರು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು.
ಕಟ್ಟಿದವರ ಉದ್ದೇಶವೂ ಅದೇ ಇದ್ದೀತು.

ಕಿಟಕಿ ಅಳೆಯುವುದಾದರೆ ಎರಡು ಸಲ ಅಳೆಯಬೇಕು.
ದೊರೆಯ ಜನ ಮಠ ಮುಚ್ಚಿಸಿ
ಸೂರಿನ ಸೀಸ ಕರಗಿಸಿಕೊಂಡು ಹೋದ ಮೇಲೆ
ಮನೆ ಕೊಂಡ ಯಾರೋ ಪುಣ್ಯಾತ್ಮ
ನಡುವೆ ಅಟ್ಟ ಹೊಡೆಸಿದ. ಹಲಗೆ ಕಿಟಕಿಯ ಸೊಂಟಕ್ಕೇ ಬಂತು:
ಕಾಲು ಅಡುಗೆಮನೆಯಲ್ಲಿ, ನೆತ್ತಿ ನನ್ನ ಮಂಚದ ಪಕ್ಕ.
ಆಲೂಗಡ್ಡೆ ಸುಲಿಯುವಾಗ ಬೀಳುವ ಬಿಸಿಲಿಗೂ
ಜ್ವರದಲ್ಲಿ ಮಲಗಿದಾಗ ಬೀಳುವ ಬಿಸಿಲಿಗೂ ಒಂದೇ ಚೌಕಟ್ಟು.
ಗಂಡನೂ ನಾನೂ ಮಾತು ಬಿಟ್ಟ ವಾರ
ಕೆಳಗಿನರ್ಧ ಗಾಜು ಮಾತ್ರ ಒರೆಸಿದೆ.

ಮೇಲೆ ಬನ್ನಿ. ಏಣಿ ಅಲುಗುತ್ತದೆ, ಥರ್ಜಾ ಹಿಡಿದುಕೊಳ್ಳುತ್ತಾಳೆ.
ಹೌದು, ಓಕ್. ಹೊಡೆದರೆ ಮೊಳೆಯೇ ಬಾಗುತ್ತದೆ.
ಪ್ರತಿ ತೊಲೆಯ ಕೆನ್ನೆಯಲ್ಲೂ ಉಳಿಯ ಗೀಟು:
ಒಂದು, ಎರಡು, ಮೂರು.
ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ಮೇಲೇರಿಸುವಾಗ
ಸರದಿ ತಪ್ಪದಿರಲೆಂದು ಬಡಗಿ ಇಟ್ಟುಕೊಂಡ ಲೆಕ್ಕ.
ನೀವೂ ಎಣಿಸುತ್ತಿದ್ದೀರಿ, ತುಟಿ ಅಲ್ಲಾಡುವುದು ಕಾಣುತ್ತಿದೆ.
ಮೂರಾದ ಮೇಲೆ ಹಕ್ಕಿಹೆಜ್ಜೆಯಂಥ ಐದು.
ಮತ್ತೆ ಎಣಿಸಿ.
ಐದೇ.

ಉತ್ತರದ ಗೋಡೆ ಯಾಕೆ ಹೊಟ್ಟೆ ಬಿಟ್ಟಿದೆ ಎಂದು
ಆಗಲೇ ಕೇಳಿದಿರಿ; ನಾನು ಚಹಾ ಬೇಕೆ ಎಂದೆ.
ಇಳಿದು ಬನ್ನಿ, ಹೇಳುತ್ತೇನೆ.

ನಲವತ್ತೇಳರ ಫೆಬ್ರವರಿ. ಹಿಮ ಕಲ್ಲುಬೇಲಿ ನುಂಗಿ
ಕಿಟಕಿಯ ಸೊಂಟಕ್ಕೆ ಬಂದು ನಿಂತಿತ್ತಂತೆ.
ಕಲ್ಲಿದ್ದಲು ಗಾಡಿ ಮೂರು ವಾರ ಬರಲಿಲ್ಲ.
ಕುರ್ಚಿ ಸುಟ್ಟರು. ತೊಟ್ಟಿಲು ಸುಟ್ಟರು.
ತೊಟ್ಟಿಲು ಸುಟ್ಟ ಮಾರನೆಯ ದಿನ ನಾನು ಹುಟ್ಟಿದೆ,
ಎಂಟು ವಾರ ಮುಂಚೆ, ಬೂದಿ ಬಣ್ಣ, ಮೊಲದ ಮರಿಯಷ್ಟು.
ಅಪ್ಪ ಗರಗಸ ಹಿಡಿದು ಏಣಿ ಹತ್ತಿದ.
ಅಮ್ಮ ಬೇಡ ಅನ್ನಲಿಲ್ಲ.
ಆರುನೂರು ವರ್ಷ ಒಣಗಿದ ಕಟ್ಟಿಗೆ,
ಹೊಗೆಯೇ ಬರಲಿಲ್ಲವಂತೆ.
ಹನ್ನೊಂದು ರಾತ್ರಿ ಉರಿಯಿತು.
ಒಲೆಯ ಎಡಕ್ಕೆ ಎರಡು ಕುರಿಮರಿ,
ಬಲಕ್ಕೆ ಬೆಣ್ಣೆಯ ಬುಟ್ಟಿಯಲ್ಲಿ ನಾನು.
ಮರಿಗಳಲ್ಲಿ ಒಂದು ಉಳಿಯಲಿಲ್ಲ.

ಏಪ್ರಿಲಿನಲ್ಲಿ ಗೋಡೆ ನಿಧಾನ ಹೊರಕ್ಕೆ ವಾಲಿತು,
ಊಟ ಮುಗಿಸಿ ಬೆಲ್ಟು ಸಡಿಲಿಸಿದವನ ಹಾಗೆ.
ಅಪ್ಪ ಎರಡು ಗಾಡಿಯ ಅಚ್ಚು ಬೆಸೆಸಿ ತೂರಿಸಿದ,
ಎರಡೂ ತುದಿಗೆ ನಟ್ಟು.
ವರ್ಷಕ್ಕೊಮ್ಮೆ ಕಾಲು ಸುತ್ತು ಬಿಗಿಯುತ್ತೇವೆ,
ನನ್ನ ಹುಟ್ಟುಹಬ್ಬದ ದಿನ, ಕೇಕಿಗೆ ಮೊದಲು.
ಸ್ಪ್ಯಾನರ್ ಅಗೋ, ಆ ಮೊಳೆಗೆ.

ನಿಮ್ಮ ಫಾರಮ್ಮಿನಲ್ಲಿ ಜಾಗ ಎಷ್ಟಿದೆ? ಒಂದು ಗೆರೆ.
‘ನಾಲ್ಕನೆಯದು ಇಲ್ಲ’ ಎಂದು ಬರೆದುಕೊಳ್ಳಿ.
ಕಾರಣಕ್ಕೊಂದು ಖಾನೆ ಇದ್ದರೆ ‘ಚಳಿ’ ಎನ್ನಿ, ಸಾಕು.

ಮತ್ತೆ ಆ ಗೂಡು...
ಅದನ್ನು ಮಾತ್ರ ಬರೆಯಬೇಡಿ.
ಆಮೇಲೆ ಸೋಪಿಡಲು ಬಿಡುವವರಲ್ಲ ನೀವು.